ಟ್ರ್ಯಾಕ್ಟರ್ ಗಾಲಿ ಮತ್ತು ಟೈರ್: ಗೋಕಾಕ, ಮೂಡಲಗಿ, ಹುಕ್ಕೇರಿ

ಬೆಳಗಾವಿ ಜಿಲ್ಲೆಯ ಘಟಪ್ರಭಾ ಕಣಿವೆಯಲ್ಲಿ ರಸ್ತೆ ಬಿಟ್ಟು ಹೊಲಕ್ಕಿಳಿಯುವ ಭಾರಿ ವಾಹನವೆಂದರೆ ಮೊದಲು ಟ್ರ್ಯಾಕ್ಟರ್, ಅದರ ಬೆನ್ನಿಗೆ ಕಬ್ಬಿನ ಟ್ರೇಲರ್. ಜೆಸಿಬಿ, ಟಿಪ್ಪರ್, ಈಚೆಗೆ ಬಂದ ಕಬ್ಬು ಕಟಾವು ಯಂತ್ರಗಳೆಲ್ಲ ಅನಂತರದವು. ಗೋಕಾಕ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಪಶ್ಚಿಮಕ್ಕೆ ಹುಕ್ಕೇರಿ, ಈ ಮೂರೂ ಕಬ್ಬಿನ ನಾಡು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್, ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್ ಮೊದಲಾದವು ಹಂಗಾಮಿನಲ್ಲಿ ಹಗಲು ರಾತ್ರಿ ಕಬ್ಬು ನುರಿಸುತ್ತವೆ. ಆ ಕಬ್ಬಿನಲ್ಲಿ ದೊಡ್ಡ ಪಾಲು ಕಾರ್ಖಾನೆಯ ಯಾರ್ಡ್ ಸೇರುವುದು ಟ್ರ್ಯಾಕ್ಟರ್ ಗಾಲಿಯ ಮೇಲೆಯೇ.

ಬೇಸಿಗೆಯಲ್ಲಿ ರಂಟೆ ಹೊಡೆದ, ಮಳೆಗಾಲದಲ್ಲಿ ರೋಟವೇಟರ್ ಎಳೆದ ಅದೇ ಟ್ರ್ಯಾಕ್ಟರ್ ದೀಪಾವಳಿಯ ಹೊತ್ತಿಗೆ ಎರಡು ಟ್ರೇಲರ್ ಕಟ್ಟಿಕೊಂಡು 15ರಿಂದ 20 ಟನ್ ಕಬ್ಬು ಹೇರಿ ಡಾಂಬರು ರಸ್ತೆಗೆ ಬರುತ್ತದೆ. ಹೊಲಕ್ಕೆ ಬೇಕಾದ ಟೈರ್ ಮೆತ್ತಗೆ, ಅಗಲವಾಗಿ, ಆಳವಾದ ಹಲ್ಲಿನದಾಗಿರಬೇಕು. ರಸ್ತೆಗೆ ಗಟ್ಟಿಯಾದದ್ದು, ಕಿರಿದಾದದ್ದು, ಸವೆಯದ್ದು ಬೇಕು. ಎರಡೂ ಕೆಲಸಕ್ಕೆ ಒಂದೇ ಗಾಲಿ ದುಡಿಯಬೇಕಾಗಿರುವುದರಿಂದ ಈ ಭಾಗದಲ್ಲಿ ಟೈರ್ ಆಯ್ಕೆಯೆಂದರೆ ಒಂದು ರಾಜಿ. ಆ ರಾಜಿಯಲ್ಲಿ ಕಂಪನಿಯ ಹೆಸರಿಗಿಂತ ಹೇರು ಎಷ್ಟು, ಹವಾ ಎಷ್ಟು ಎಂಬ ಲೆಕ್ಕವೇ ಹೆಚ್ಚು ಕೆಲಸ ಮಾಡುತ್ತದೆ. ಮಾಲೀಕರ ಗಮನವಾದರೋ ಟ್ರ್ಯಾಕ್ಟರಿನ ದೊಡ್ಡ ಹಿಂಗಾಲಿಯ ಮೇಲೆ ಇರುತ್ತದೆ. ಹೊಲಕ್ಕೆ ಹೆಚ್ಚು ಕೇಡು ಮಾಡುವುದು ಟ್ರೇಲರಿನ ಸಣ್ಣ ಗಾಲಿ.

ನೆಲ

ಮೂಡಲಗಿ ಮತ್ತು ಗೋಕಾಕದ ಪೂರ್ವ ಭಾಗ ಬಹುಪಾಲು ಯರಿ ಭೂಮಿ. ಒಣಗಿದಾಗ ಕಲ್ಲಿನಂತಾಗಿ ಬಿರುಕು ಬಿಡುವ ಈ ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬಿ ಅಂಟುತ್ತದೆ. ಎರಡೂ ಗುಣಕ್ಕೆ ಕಾರಣ ಇದರಲ್ಲಿರುವ ಮಾಂಟ್ಮೊರಿಲೊನೈಟ್ ಜಾತಿಯ ಜೇಡಿ. ಹುಕ್ಕೇರಿಯ ಏರುತಗ್ಗಿನ ನೆಲದಲ್ಲಿ ಮಸಾರಿ, ಕೆಂಪು ಮಣ್ಣು, ಗರಸು ಬೆರೆತಿವೆ. ಅಲ್ಲಿ ಗಾಲಿ ಹೂಳುವುದು ಕಡಿಮೆ, ಕಲ್ಲಿಗೆ ಟೈರ್ ಸೀಳುವುದು ಹೆಚ್ಚು. ಗೋಕಾಕ ಜಲಪಾತದ ಸುತ್ತಲಿನ ಮರಳುಗಲ್ಲಿನ ಗುಡ್ಡಗಳ ದಾರಿಯೂ ಹಾಗೆಯೇ. ಹೊಳೆಸಾಲಿನ ಹೊಲಗಳ ಕಥೆ ಬೇರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೇ ನುಗ್ಗಿ ದಂಡೆಯ ಕಬ್ಬನ್ನು ಮುಳುಗಿಸಿತ್ತು. ಅಂಥ ನೆರೆ ಇಳಿದ ಮೇಲೆ ರೇವೆ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಂದು ಮೊಳ ಕೆಳಗೆ ಹಸಿಯಾಗಿಯೇ ಇರುತ್ತದೆ, ಟ್ರ್ಯಾಕ್ಟರ್ ಅಚ್ಚಿನವರೆಗೆ ಕೂರುವುದು ಇಂಥಲ್ಲೇ.

ಇದರ ಜೊತೆಗೆ ನೀರಾವರಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಅದಕ್ಕೂ ಮೊದಲೇ, 19ನೆಯ ಶತಮಾನದ ಕೊನೆಯಲ್ಲಿ, ಧುಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ಹರಿಸಿದ್ದರು. ಮಳೆ ನೆರಳಿನ ಈ ಸೀಮೆಗೆ ಕಬ್ಬು ಬಂದದ್ದು ಈ ನೀರಿನಿಂದ. ಕಟಾವಿನ ತಿಂಗಳುಗಳಲ್ಲಿ ಮಳೆ ಇಲ್ಲದಿದ್ದರೂ ಹೊಲ ಹಸಿಯಾಗಿರುವುದೂ ಇದರಿಂದಲೇ. ಪಕ್ಕದ ಹೊಲದವನು ಹಿಂದಿನ ದಿನ ನೀರು ಬಿಟ್ಟಿದ್ದರೆ ಬದುವಿನ ಅಂಚು ಜೌಗು. ಟೈರ್ ಕ್ಯಾಟಲಾಗಿನಲ್ಲಿ ‘ಒಣ ನೆಲಕ್ಕೆ’ ಎಂದು ಬರೆದಿರುವುದನ್ನು ಡಿಸೆಂಬರ್ ತಿಂಗಳು ನೋಡಿ ನಂಬುವಂತಿಲ್ಲ.

ಚಕ್ಕಡಿಯಿಂದ ಟ್ರ್ಯಾಕ್ಟರಿಗೆ

ಈ ಭಾಗದ ಹಳೆಯ ಭಾರಿ ಗಾಲಿ ಚಕ್ಕಡಿಯದು: ಜಾಲಿ ಮರದ ಗುಂಭ, ಅದರಿಂದ ಹೊರಟ ಅರಗಳು, ಸುತ್ತ ಕಾಸಿ ಕೂಡಿಸಿದ ಕಬ್ಬಿಣದ ಹಳಿ. ಎತ್ತರದ ಗಾಲಿಯಾದ್ದರಿಂದ ತಗ್ಗು ದಾಟುವುದು ಸುಲಭ. ಕಿರಿದಾದ ಹಳಿಯಾದ್ದರಿಂದ ಹಸಿ ಯರಿಯಲ್ಲಿ ಸೀಳಿಕೊಂಡು ಇಳಿಯುವುದೂ ಅಷ್ಟೇ ಸುಲಭ. ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಕಾರ್ಖಾನೆ ತೆರೆದ ಡನ್‌ಲಪ್ ಕಂಪನಿ ಎತ್ತಿನ ಗಾಡಿಗೆಂದೇ ಗಾಳಿ ತುಂಬಿದ ಟೈರ್ ಮಾಡಿ ಮಾರಿತು. ಗಾಲಿ ಸಣ್ಣದಾಯಿತು, ಬೇರಿಂಗ್ ಬಂತು, ಅದೇ ಜೋಡೆತ್ತು ಮೊದಲಿಗಿಂತ ಹೆಚ್ಚು ಹೇರು ಎಳೆಯತೊಡಗಿದವು. ರಬ್ಬರ್ ಗಾಲಿಯ ಗಾಡಿಗೆ ಕರ್ನಾಟಕದ ಹಲವೆಡೆ ಇಂದಿಗೂ ಡನ್‌ಲಪ್ ಗಾಡಿ ಎಂದೇ ಹೆಸರು. ಸಕ್ಕರೆ ಕಾರ್ಖಾನೆಗಳಿಗೆ ಹತ್ತಿರದ ಹಳ್ಳಿಗಳಿಂದ ಕಬ್ಬು ಸಾಗಿಸಿದ್ದು ಈ ಗಾಡಿಗಳೇ.

ಟ್ರ್ಯಾಕ್ಟರಿಗೂ ರಬ್ಬರ್ ತಡವಾಗಿಯೇ ಬಂತು. ಮೊದಲ ಟ್ರ್ಯಾಕ್ಟರುಗಳಿಗೆ ಉಕ್ಕಿನ ಗಾಲಿ, ಅದರ ಮೇಲೆ ಉಕ್ಕಿನ ಹಲ್ಲು. 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಬಳಿಯ ಹೊಲವೊಂದರಲ್ಲಿ ಆಲಿಸ್-ಚಾಮರ್ಸ್ ಕಂಪನಿ ತನ್ನ ‘ಮಾಡೆಲ್ ಯು’ ಟ್ರ್ಯಾಕ್ಟರಿಗೆ ಫೈರ್‌ಸ್ಟೋನ್‌ನ ವಿಮಾನದ ಟೈರ್ ತೊಡಿಸಿ, ಕಡಿಮೆ ಗಾಳಿ ಹಾಕಿ ಓಡಿಸಿತು. ರಬ್ಬರ್ ಜಾರುತ್ತದೆಂದು ರೈತರು ಅದನ್ನು ನಂಬಲಿಲ್ಲ. ಮರುವರ್ಷ ಓಟಗಾರ ಬಾರ್ನಿ ಓಲ್ಡ್‌ಫೀಲ್ಡ್ ಅದೇ ಮಾದರಿಯನ್ನು ಗಂಟೆಗೆ 64 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿಸಿ ಪ್ರಚಾರ ಮಾಡಿದ. ವೇಗದ ಮಾತು ಪ್ರದರ್ಶನಕ್ಕೆ ಸರಿ. ನಿಜವಾಗಿ ಉಳಿದ ಪಾಠ ಕಡಿಮೆ ಗಾಳಿಯದು. ಟೈರ್ ಮೆತ್ತಗಿದ್ದಷ್ಟೂ ನೆಲಕ್ಕೆ ಹೆಚ್ಚು ಹರಡಿ ಹಿಡಿಯುತ್ತದೆ.

ಟೈರಿನ ಮೇಲಿನ ಬರಹ

ಈ ಭಾಗದ 40ರಿಂದ 55 ಅಶ್ವಶಕ್ತಿಯ ಟ್ರ್ಯಾಕ್ಟರುಗಳಲ್ಲಿ ಹಿಂದಕ್ಕೆ ಸಾಮಾನ್ಯವಾಗಿ ಕಾಣುವ ಗಾತ್ರ ಮೂರು: 13.6-28, 14.9-28, 16.9-28. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವಿನ ಅಡ್ಡಗೆರೆಯೆಂದರೆ ಟೈರಿನೊಳಗಿನ ನೂಲು ಓರೆಯಾಗಿ ಒಂದರ ಮೇಲೊಂದು ದಾಟಿದೆ ಎಂದು. ಆ ಜಾಗದಲ್ಲಿ ‘ಆರ್’ ಅಕ್ಷರವಿದ್ದರೆ ರೇಡಿಯಲ್. ಹೊಸ ಕ್ರಮದಲ್ಲಿ ಇದೇ ಟೈರನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆಯುತ್ತಾರೆ: 340/85ಆರ್28 ಎಂದರೆ 13.6ರ ಸಮ, 420/85ಆರ್28 ಎಂದರೆ 16.9ರ ಸಮ. ಮುಂದಿನ ಗಾಲಿಗೆ ಎರಡು ಚಕ್ರ ಚಾಲನೆಯಲ್ಲಿ 6.00-16, 6.50-16 ಅಥವಾ 7.50-16, ನಾಲ್ಕು ಚಕ್ರ ಚಾಲನೆಯಲ್ಲಿ 9.5-24ರಂಥ ದೊಡ್ಡ ಟೈರ್.

‘12 ಪಿಆರ್’ ಎಂದಿದ್ದರೆ ಹನ್ನೆರಡು ಪದರದ ನೂಲು ಇದೆಯೆಂದಲ್ಲ, ಹಳೆಯ ಹತ್ತಿನೂಲಿನ ಹನ್ನೆರಡು ಪದರಕ್ಕೆ ಸಮನಾದ ಬಲವಿದೆ ಎಂದು. ವೇಗದ ಗುರುತು ‘ಎ8’ ಇದ್ದರೆ ಗಂಟೆಗೆ 40 ಕಿ.ಮೀ., ‘ಎ6’ ಇದ್ದರೆ 30. ತಯಾರಾದ ವಾರ ಮತ್ತು ವರ್ಷ ನಾಲ್ಕಂಕಿಯಲ್ಲಿ ಇರುತ್ತದೆ: 3224 ಎಂದರೆ 2024ರ 32ನೆಯ ವಾರ. ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವವರು ಈ ನಾಲ್ಕಂಕಿಯನ್ನು ಓದುವುದೇ ಇಲ್ಲ. ರಿಯಾಯಿತಿಗೆ ಬಂದ ಟೈರ್ ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತೆಂಬುದು ಅಲ್ಲೇ ಅಚ್ಚಾಗಿರುತ್ತದೆ.

ಟೈರ್ ದೊಡ್ಡದು ಮಾಡುವ ಆಸೆ ಇಲ್ಲಿ ಸಾಮಾನ್ಯ. 13.6 ತೆಗೆದು 16.9 ಹಾಕಿಸಿದರೆ ಟ್ರ್ಯಾಕ್ಟರ್ ಭರ್ಜರಿಯಾಗಿ ಕಾಣುತ್ತದೆ. ಬಣ್ಣದ ಲೈಟು, ಟೇಪ್ ಸೆಟ್ಟಿನ ಜೊತೆಗೆ ಇದೂ ಒಂದು ಶೋಕಿ. ಆದರೆ ರಿಮ್ ಒಪ್ಪಬೇಕಲ್ಲ. 13.6ಕ್ಕೆ ಹೇಳಿದ ರಿಮ್ ಡಬ್ಲ್ಯು12, ಅಂದರೆ 12 ಇಂಚಿನ ಅಗಲದ್ದು. ಅದರ ಮೇಲೆ 14.9 ಹೇಗೋ ಕೂರುತ್ತದೆ. 16.9ಕ್ಕೆ 15 ಇಂಚಿನ ರಿಮ್ಮೇ ಬೇಕು. ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರ್ ಏರಿಸಿದರೆ ನಡುವೆ ಉಬ್ಬಿ ನಿಲ್ಲುತ್ತದೆ. ನೆಲಕ್ಕೆ ತಾಗುವುದು ನಡುಪಟ್ಟಿ ಮಾತ್ರ, ಅಂಚಿನ ಹಲ್ಲುಗಳು ಸುಮ್ಮನೆ ತಿರುಗುತ್ತವೆ. ವ್ಯಾಸ ಹೆಚ್ಚಿದ್ದಕ್ಕೆ ಪ್ರತಿ ಗೇರಿನ ವೇಗವೂ ಹೆಚ್ಚಿ, ಎಳೆಯುವ ಬಲ ಅಷ್ಟು ತಗ್ಗುತ್ತದೆ.

ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಶೇ 1ರಿಂದ 5ರಷ್ಟು ಮುಂದೋಡುವಂತೆ ಗೇರು ಜೋಡಿಸಿರುತ್ತಾರೆ. ಹಿಂದೆ ಮಾತ್ರ ದೊಡ್ಡ ಟೈರ್ ಹಾಕಿಸಿದರೆ ಈ ಅನುಪಾತ ಕೆಟ್ಟು ಮುಂದಿನ ಗಾಲಿಗಳು ಎಳೆಯುವ ಬದಲು ತಡೆಯುತ್ತವೆ. ರಸ್ತೆಯ ಮೇಲೆ ನಾಲ್ಕು ಚಕ್ರದ ಲಿವರ್ ಬಿಡಿಸದೆ ಓಡಿಸುವುದರಿಂದಲೂ ಮುಂದಿನ ಟೈರ್ ಬೇಗ ಬೋಳಾಗುತ್ತದೆ.

ಹಲ್ಲು

ಹಿಂಗಾಲಿಯ ಓರೆ ಹಲ್ಲುಗಳನ್ನು ಅವುಗಳ ಆಳದ ಮೇಲೆ ವಿಂಗಡಿಸುತ್ತಾರೆ. ಆರ್-1 ಸಾಮಾನ್ಯ ಬೇಸಾಯಕ್ಕೆ. ಆರ್-1ಡಬ್ಲ್ಯು ಅದಕ್ಕಿಂತ ಶೇ 20ರಷ್ಟು ಆಳ. ಆರ್-2 ಗದ್ದೆಗೆ, ಹೆಚ್ಚುಕಡಿಮೆ ಇಮ್ಮಡಿ ಆಳ. ಆರ್-4 ಜೆಸಿಬಿಯಂಥ ಯಂತ್ರಗಳಿಗೆ, ಗಿಡ್ಡ ಮತ್ತು ಅಗಲ. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲಿ ಆಳದ ಹಲ್ಲು, ಮೇಲೆ ಕಬ್ಬಿಣದ ಪಂಜರ ಗಾಲಿ ಸರಿ. ಘಟಪ್ರಭಾ ಸೀಮೆಯ ಕೆಲಸಕ್ಕೆ ಅವು ಬೇಡ. ಆರ್-2 ಹಾಕಿಸಿ ಸಂಕೇಶ್ವರಕ್ಕೆ ಹೇರು ಹೊಡೆದರೆ ಉದ್ದನೆಯ ಹಲ್ಲು ಡಾಂಬರಿನ ಮೇಲೆ ಬಾಗಿ ಕಾದು ಒಂದೆರಡು ಹಂಗಾಮಿನಲ್ಲೇ ತಿಂದುಹೋಗುತ್ತದೆ. ಪಂಜರ ಗಾಲಿಯಲ್ಲಿ ರಸ್ತೆಗೆ ಬಂದರೆ ಕೆಡುವುದು ಡಾಂಬರೇ.

ಒದ್ದೆ ಯರಿಯಲ್ಲಿ ಹಲ್ಲಿನ ಆಳಕ್ಕಿಂತ ಮುಖ್ಯವಾದದ್ದು ಅದು ಮಣ್ಣು ಉಗುಳುತ್ತದೆಯೋ ಇಲ್ಲವೋ ಎಂಬುದು. ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡರೆ ಎಷ್ಟು ಆಳದ ಹಲ್ಲಿದ್ದರೂ ಟೈರ್ ನುಣ್ಣನೆಯ ಉಂಡೆ. ಹಲ್ಲುಗಳ ಅಂತರ ಹೊರಕ್ಕೆ ಹೋದಂತೆ ಅಗಲವಾಗಿರಬೇಕು, ಬುಡ ಇಳಿಜಾರಾಗಿರಬೇಕು. ಟೈರಿನ ಬಗಲಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ. ಹಿಂದೆ ನಿಂತು ನೋಡಿದರೆ ಹಲ್ಲುಗಳ ತುದಿ ಮೇಲ್ಮುಖವಾಗಿ ಕಾಣಬೇಕು. ಆಗ ಮೊದಲು ನೆಲ ಮುಟ್ಟುವುದು ನಡುಭಾಗ, ಮಣ್ಣು ಹೊರಕ್ಕೆ ಜಾರುತ್ತದೆ. ತಿರುವುಮುರುವಾಗಿ ಹಾಕಿದರೆ ಮಣ್ಣು ನಡುವಿಗೆ ಬಂದು ತುರುಕಿಕೊಳ್ಳುತ್ತದೆ. ಹಳೆಯ ಟ್ರ್ಯಾಕ್ಟರ್ ಟೈರನ್ನು ಎಳೆಸಿಕೊಂಡು ಹೋಗುವ ಗಾಡಿಗೆ ಹಾಕುವಾಗ ಮಾತ್ರ ಉಲ್ಟಾ ಹಾಕುವುದು ಸರಿ. ಆ ಗಾಲಿ ತಾನಾಗಿ ಎಳೆಯುವುದಿಲ್ಲ, ನೆಲವೇ ಅದನ್ನು ತಿರುಗಿಸುತ್ತದೆ.

ರೇಡಿಯಲ್ ಟೈರಿನ ಬಗಲು ಮೆತ್ತಗೆ, ನೆಲದ ಮೇಲೆ ಹರಡುವುದು ಹೆಚ್ಚು, ಜಾರುವುದು ಕಡಿಮೆ, ಡೀಸೆಲ್ಲೂ ಉಳಿಯುತ್ತದೆ. ಬೆಲೆ ಮಾತ್ರ ಹೆಚ್ಚು. ಕಬ್ಬಿನ ಹೊಲದಲ್ಲಿ ಇನ್ನೊಂದು ತೊಡಕು: ಓರೆಯಾಗಿ ಕಡಿದ ಕಬ್ಬಿನ ಕೂಳೆ ಒಣಗಿದ ಮೇಲೆ ಗೂಟದಂತೆ ಚೂಪು, ತಾಗುವುದು ತೆಳುವಾದ ಬಗಲಿಗೇ. ದಾರಿಬದಿಯ ಬಳ್ಳಾರಿ ಜಾಲಿಯ ಮುಳ್ಳು ಟ್ಯೂಬಿನವರೆಗೆ ಹೋಗುತ್ತದೆ. ಉಳುಮೆಗೇ ಮೀಸಲಾದ, 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರಿಗೆ ರೇಡಿಯಲ್ ಲಾಭ. ವರ್ಷದಲ್ಲಿ ನಾಲ್ಕೈದು ತಿಂಗಳು ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಓರೆನೂಲಿನದೇ ಸಾಕು. ಭಾರತದ ಟ್ರ್ಯಾಕ್ಟರುಗಳಲ್ಲಿ ಈಗಲೂ ಅದೇ ಹೆಚ್ಚು. ಎಂಆರ್‌ಎಫ್, ಅಪೊಲೊ, ಸಿಯಟ್, ಗುಡ್‌ಇಯರ್, ಬಿಕೆಟಿ ಕಂಪನಿಗಳೆಲ್ಲ ಈ ಗಾತ್ರಗಳನ್ನು ಮಾಡುತ್ತವೆ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಸೇರಿತು. ವಿಕ್ರಾಂತ್ ಹೆಸರು ಟೈರಿನ ಮೇಲೆ ಉಳಿದಿದೆ.

ಗಾಲಿಯ ಅಂತರ

ಹಿಂಗಾಲಿಯ ರಿಮ್ಮನ್ನು ಡಿಸ್ಕಿನ ಒಳಕ್ಕೋ ಹೊರಕ್ಕೋ ಜೋಡಿಸಬಹುದು, ಡಿಸ್ಕನ್ನೇ ತಿರುಗಿಸಿ ಕೂಡಿಸಬಹುದು. ಹೀಗೆ ಎರಡು ಗಾಲಿಗಳ ನಡುವಿನ ಅಂತರವನ್ನು ಸುಮಾರು 4 ಇಂಚಿನ ಹೆಜ್ಜೆಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಕಂಪನಿಯಿಂದ ಬಂದ ಅಂತರವನ್ನೇ ಟ್ರ್ಯಾಕ್ಟರ್ ಮಾರುವವರೆಗೂ ಉಳಿಸಿಕೊಳ್ಳುವವರೇ ಹೆಚ್ಚು. ಡಿಸ್ಕ್ ಸಮೇತ ಗಾಲಿಯನ್ನೇ ತಿರುಗಿಸಿದರೆ ಹಲ್ಲಿನ ದಿಕ್ಕು ಉಲ್ಟಾ ಆಗುತ್ತದೆ. ಎಡಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಬೇಕು.

ಕಬ್ಬಿನ ಸಾಲಿಗೆ ಇದರ ನೇರ ಸಂಬಂಧವಿದೆ. ಹಳೆಯ ಪದ್ಧತಿಯ 3 ಅಡಿ ಸಾಲಿನಲ್ಲಿ 13.6ರ ಟೈರ್, ಅಂದರೆ ಒಂದಡಿಗೂ ಹೆಚ್ಚು ಅಗಲದ್ದು, ಹೇಗೆ ಹೋದರೂ ಬುಡ ಸವರುತ್ತದೆ. ಅಂತರವನ್ನು 72 ಇಂಚಿಗೆ ಹಿಗ್ಗಿಸಿದರೆ ಎರಡು ಸಾಲು ಹೊಟ್ಟೆಯ ಕೆಳಗೆ, ಗಾಲಿಗಳು ಬೋದಿನ ನಡುವಿನ ಹರಿಯಲ್ಲಿ. ಕಾರ್ಖಾನೆಗಳೂ ಕೃಷಿ ಇಲಾಖೆಯೂ ಈಗ ಹೇಳುವ ನಾಲ್ಕೂವರೆ, ಐದು ಅಡಿಯ ಸಾಲಿನಲ್ಲಿ ಸಣ್ಣ ಟ್ರ್ಯಾಕ್ಟರ್ ಇಡಿಯಾಗಿ ಸಾಲಿನ ನಡುವೆ ನುಗ್ಗುತ್ತದೆ. ಅದಕ್ಕೆ ಹಿಂದೆ 8.00-18ರಂಥ ಕಿರಿದಾದ ಟೈರ್ ಬೇಕು. ಕಳೆ ತೆಗೆಯಲು, ಮಣ್ಣು ಏರಿಸಲು ಅದೇ ಸರಿ. ಅದೇ ಸಣ್ಣ ಟ್ರ್ಯಾಕ್ಟರಿಗೆ ಹೇರಿದ ಟ್ರೇಲರ್ ಕಟ್ಟುವುದು ಮಾತ್ರ ಅಪಾಯ. ಹುಕ್ಕೇರಿಯ ಇಳಿಜಾರು ದಾರಿಗಳಲ್ಲಿ ಹಿಂದಿನ ಭಾರವೇ ಮುಂದಿನದನ್ನು ತಳ್ಳುತ್ತದೆ. ಗಾಲಿಯ ಅಂತರ ಕಿರಿದಾಗಿದ್ದಷ್ಟೂ ಮಗುಚುವ ಭಯ ಹೆಚ್ಚು.

ತೂಕ, ನೀರು, ಜಾರಿಕೆ

ಎಳೆಯುವ ಬಲ ಎಂಜಿನ್ನಿನಲ್ಲಿ ಎಷ್ಟಿದ್ದರೂ ನೆಲಕ್ಕೆ ಇಳಿಯುವುದು ಹಿಂಗಾಲಿಯ ಮೇಲೆ ಬಿದ್ದ ತೂಕದಷ್ಟೇ. ಎರಡು ಟನ್ ಚಿಲ್ಲರೆ ತೂಗುವ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಗಟ್ಟಿ ನೆಲದ ಉಳುಮೆಯಲ್ಲಿ ಜಾರುವುದು ಸಹಜ. ತೂಕ ಸೇರಿಸಲು ಬೀಡಿನ ತಟ್ಟೆಗಳನ್ನು ಗಾಲಿಗೆ ಬೋಲ್ಟ್ ಮಾಡುತ್ತಾರೆ, ಇಲ್ಲವೇ ಟ್ಯೂಬಿಗೆ ನೀರು ತುಂಬುತ್ತಾರೆ. ಗಾಲಿ ಎತ್ತಿ, ವಾಲ್ವ್ ಅನ್ನು ನೆತ್ತಿಗೆ ತಂದು, ಅದಕ್ಕೆಂದೇ ಇರುವ ಜೋಡಣೆಯಿಂದ ನೀರು ಬಿಟ್ಟರೆ ಮುಕ್ಕಾಲು ಭಾಗ ತುಂಬಿದಾಗ ನೀರು ವಾಲ್ವಿನ ಮಟ್ಟಕ್ಕೆ ಬಂದು ಹೊರಚೆಲ್ಲುತ್ತದೆ. ಆಮೇಲೆ ಉಳಿದ ಕಾಲು ಭಾಗಕ್ಕೆ ಗಾಳಿ. 13.6-28ರ ಒಂದು ಟೈರ್ ಹೀಗೆ ಸುಮಾರು 190 ಲೀಟರ್ ಹಿಡಿಯುತ್ತದೆ, ಜೋಡಿಗೆ 380 ಕಿಲೋ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಇಲ್ಲಿ ಬಾವಿ ನೀರೇ ಸಾಕು, ಉಪ್ಪು ನೀರಾದರೆ ರಿಮ್ ತುಕ್ಕು ಹಿಡಿಯುವುದೊಂದೇ ಚಿಂತೆ. ಉಳುಮೆಗೆ ತುಂಬಿದ ನೀರನ್ನು ಕಬ್ಬಿನ ಹಂಗಾಮಿಗೆ ತೆಗೆಯಬೇಕೇ ಎಂಬ ಪ್ರಶ್ನೆಗೆ ಎರಡು ಟ್ರೇಲರ್ ಎಳೆಯುವವರಿಗೆ ಉತ್ತರ ಸಿದ್ಧವಿದೆ: ಬೇಡ. ಹೊಲದಿಂದ ಬದು ಏರಿಸುವಾಗ ಆ ತೂಕವೇ ಕೈಹಿಡಿಯುವುದು.

ಜಾರಿಕೆಯನ್ನು ಅಳೆಯಲು ಸುಣ್ಣದ ಒಂದು ಗೆರೆ ಸಾಕು. ಹಿಂಗಾಲಿಯ ಬಗಲಿಗೆ ಗೆರೆ ಎಳೆದು, ಹೊಲದಲ್ಲಿ ರಂಟೆ ಎತ್ತಿಕೊಂಡು ಹತ್ತು ಸುತ್ತು ಓಡಿಸಿ ದೂರ ಅಳೆಯಬೇಕು. 13.6-28ರ ಗಾಲಿಗೆ ಅದು 39 ಮೀಟರ್ ಆಸುಪಾಸು ಬರುತ್ತದೆ. ರಂಟೆ ಇಳಿಸಿ ಮತ್ತೆ ಹತ್ತು ಸುತ್ತು. ಈ ಸಲ 34 ಮೀಟರ್ ಬಂದರೆ ಶೇ 13 ಜಾರಿಕೆ, ಸರಿಯಾಗಿದೆ. ಹೊಲದಲ್ಲಿ ಶೇ 8ರಿಂದ 15ರವರೆಗೆ ಜಾರುವುದು ಒಳ್ಳೆಯದೇ. ಅದಕ್ಕೂ ಕಡಿಮೆ ಜಾರಿದರೆ ತೂಕ ಅತಿಯಾಗಿದೆ, ಸುಮ್ಮನೆ ಹೊತ್ತು ತಿರುಗಿಸುತ್ತಿದ್ದೀರಿ. 30 ಮೀಟರ್ ಬಂದರೆ ಡೀಸೆಲ್ಲಿನ ಕಾಲು ಭಾಗದಷ್ಟು ಟೈರನ್ನು ಉಜ್ಜುವುದಕ್ಕೇ ಹೋಗುತ್ತಿದೆ.

ಮುಂದಿನ ಗಾಲಿಗೆ ತೂಕ ಬೇಕಾಗುವುದು ಬೇರೆ ಕಾರಣಕ್ಕೆ. ಹಿಂದೆ ಹೇರು ಹೆಚ್ಚಾದಾಗ ಮೂತಿ ಮೇಲೇಳುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ. ಬಂಪರಿನ ಮೇಲೆ ಕಲ್ಲು, ಮರಳಿನ ಚೀಲ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರುಗಳು ಹಂಗಾಮಿನಲ್ಲಿ ಹೇರಳ. ಬೀಡಿನ ತೂಕವನ್ನೇ ಹಾಕಿಸುವುದು ಲೇಸು. ಸಡಿಲಾದ ಕಲ್ಲು ಬಿದ್ದರೆ ತನ್ನದೇ ಗಾಲಿಗೆ. ಮೂರು ಏಣಿನ ಮುಂದಿನ ಟೈರ್, ಅಂದರೆ ಎಫ್-2, ನಡುವಿನ ಏಣಿನಿಂದ ನೆಲ ಕಚ್ಚಿ ತಿರುಗುತ್ತದೆ. ಆ ಏಣು ಸವೆದ ಮೇಲೆ ಹಸಿ ಹೊಲದಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೆಟ್ಟಗೇ ಹೋಗುತ್ತದೆ.

ಹವಾ

ಟೈರ್ ನೆಲದ ಮೇಲೆ ಹೇರುವ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ. ಹಿಂಗಾಲಿಗೆ ಹೊಲದಲ್ಲಿ 12ರಿಂದ 15 ಪಿಎಸ್‌ಐ, ಪಂಕ್ಚರ್ ಅಂಗಡಿಯ ಮಾತಿನಲ್ಲಿ ಪೌಂಡ್. ರಸ್ತೆಯ ಹೇರಿಗೆ 20ರ ಸುತ್ತ. ಟೈರಿನ ಬಗಲ ಮೇಲೆ ಬರೆದ ಮಿತಿಯೇ ಕೊನೆಯ ಮಾತು. ಹೊಲಕ್ಕಿಳಿಯುವಾಗ ಗಾಳಿ ಬಿಟ್ಟು, ರಸ್ತೆಗೆ ಬರುವಾಗ ತುಂಬಿಸುವುದು ಶಾಸ್ತ್ರ. ಕಬ್ಬಿನ ಹಂಗಾಮಿನಲ್ಲಿ ಒಂದೇ ದಿನದಲ್ಲಿ ಹೊಲವೂ ರಸ್ತೆಯೂ ಎರಡೂ ಇರುವಾಗ ಯಾರೂ ಹಾಗೆ ಮಾಡುವುದಿಲ್ಲ. ರಸ್ತೆಯ ಲೆಕ್ಕಕ್ಕೇ ತುಂಬಿಸಿಕೊಂಡು ಓಡಿಸುತ್ತಾರೆ, ತಪ್ಪೆನ್ನಲಾಗದು. ತಪ್ಪಾಗುವುದು ಹಂಗಾಮು ಮುಗಿದು ರಂಟೆ ಕಟ್ಟಿದ ಮೇಲೂ ಅದೇ ಗಾಳಿಯನ್ನು ಉಳಿಸಿಕೊಂಡಾಗ. ವರ್ಷಕ್ಕೆ ಎರಡು ಸಲ ಗೇಜು ಹಿಡಿದರೆ ಸಾಕು, ಖರ್ಚಿಲ್ಲದ ಸುಧಾರಣೆ ಇದಕ್ಕಿಂತ ಬೇರೆ ಇಲ್ಲ. ನೀರು ತುಂಬಿದ ಟೈರಿನಲ್ಲಿ ಗಾಳಿಗೆ ಜಾಗ ಕಡಿಮೆ. ಸ್ವಲ್ಪ ಸೋರಿದರೂ ಒತ್ತಡ ಬಹಳ ಇಳಿಯುತ್ತದೆ, ಅದನ್ನು ಆಗಾಗ ನೋಡಬೇಕು.

ಟ್ರೇಲರ್

ಕಬ್ಬಿನ ಟ್ರೇಲರಿಗೆ ಇಲ್ಲಿ 9.00-16ರ ಟ್ರೇಲರ್ ಟೈರ್, ಇಲ್ಲವೇ ಲಾರಿಯಿಂದ ಕಳಚಿದ 9.00-20, 10.00-20ರ ಹಳೆಯ ಟೈರ್ ಹಾಕುತ್ತಾರೆ. ರಿಟ್ರೇಡ್ ಮಾಡಿಸಿದ್ದೂ ಉಂಟು. ಅಗ್ಗ, ಗಟ್ಟಿ, ಎಲ್ಲೂ ಸಿಗುತ್ತದೆ. ಇದರ ಲೆಕ್ಕ ಹೀಗಿದೆ. ಎರಡು ಟ್ರೇಲರಿನಲ್ಲಿ 20 ಟನ್ ಕಬ್ಬು, ಟ್ರೇಲರುಗಳ ಸ್ವಂತ ತೂಕ ಐದಾರು ಟನ್. ಎಂಟು ಗಾಲಿಗೆ ಹಂಚಿದರೆ ಒಂದೊಂದಕ್ಕೆ ಮೂರು ಟನ್ನಿಗೂ ಮೇಲೆ. ಅಷ್ಟು ಹೊರಲು ಚದರ ಸೆಂಟಿಮೀಟರಿಗೆ 6 ಕಿಲೋ ಗಾಳಿ ತುಂಬಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 500 ಚದರ ಸೆಂಟಿಮೀಟರ್, ಅರ್ಜಿ ಬರೆಯುವ ಎ4 ಹಾಳೆಗಿಂತ ಕಿರಿದು. ಟ್ರ್ಯಾಕ್ಟರಿನ ಹಿಂಗಾಲಿ ಒತ್ತುವುದು ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋಗೂ ಕಡಿಮೆ. ದೊಡ್ಡ ಗಾಲಿ ಮೇಲೆ ತೇಲಿಕೊಂಡು ಹೋದ ದಾರಿಯಲ್ಲೇ ಹಿಂದಿನ ಎಂಟು ಗಾಲಿ ಒಂದರ ಹಿಂದೊಂದು ಕೊರೆದುಕೊಂಡು ಬರುತ್ತವೆ.

ಫಲ ಕಾಣುವುದು ಮುಂದಿನ ಕೂಳೆ ಬೆಳೆಯಲ್ಲಿ. ಟ್ರೇಲರ್ ಹಾದ ಪಟ್ಟಿಯಲ್ಲಿ ಕೂಳೆ ಜಜ್ಜಿ, ಮೊಳಕೆ ತಡವಾಗಿ, ಮರಿಗಳು ಕಡಿಮೆಯಾಗಿ, ಹಸಿರಿನ ನಡುವೆ ಎರಡು ಬೋಳು ಗೆರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೇಲುಮಣ್ಣು ಬಿಗಿಯುವುದು ಟೈರಿನ ಒತ್ತಡದಿಂದ, ಅದನ್ನು ರಂಟೆ ಬಿಡಿಸುತ್ತದೆ. ಒಂದೂವರೆ ಅಡಿ ಕೆಳಗಿನ ಮಣ್ಣು ಬಿಗಿಯುವುದು ಅಚ್ಚಿನ ಮೇಲಿನ ಒಟ್ಟು ಭಾರದಿಂದ. ಟೈರ್ ಎಷ್ಟು ಅಗಲ ಮಾಡಿದರೂ ಆ ಭಾರ ಇಳಿಯುವುದಿಲ್ಲ, ಆ ಬಿಗಿತ ಸುಲಭಕ್ಕೆ ಬಿಡುವುದೂ ಇಲ್ಲ. ಕಾಲುವೆ ನೀರು ಬಸಿಯದೆ ನಿಲ್ಲುವ ಯರಿ ಹೊಲಗಳಲ್ಲಿ ಇದು ಜೌಗಿಗೆ ಇನ್ನೊಂದು ಕಾರಣ.

ಅಗಲವಾದ, ಕಡಿಮೆ ಗಾಳಿಯಲ್ಲಿ ಓಡುವ 400/60-15.5ರಂಥ ತೇಲುಟೈರ್ ಇದಕ್ಕೆ ಮದ್ದು. ಬಿಕೆಟಿಯಂಥ ಕಂಪನಿಗಳು ಅವನ್ನು ಭಾರತದಲ್ಲೇ ಮಾಡಿ ಬಹುಪಾಲು ಹೊರದೇಶಕ್ಕೆ ಕಳಿಸುತ್ತವೆ. ಇಲ್ಲಿ ಅವು ಹಬ್ಬದಿರುವುದಕ್ಕೆ ಕಾರಣ ಸರಳ. ಟ್ರೇಲರ್ ಸಾಗಣೆದಾರನದು, ಹೊಲ ರೈತನದು. ಟನ್ ಲೆಕ್ಕದಲ್ಲಿ ಬಾಡಿಗೆ ಪಡೆಯುವವನಿಗೆ ಬೇರೆಯವರ ಕೂಳೆ ಉಳಿಸಲು ದುಬಾರಿ ಟೈರ್ ಹಾಕಿಸುವ ಅಗತ್ಯ ಕಾಣದು. ಎರಡನ್ನೂ ಒಬ್ಬನೇ ಇಟ್ಟುಕೊಂಡ ದೊಡ್ಡ ರೈತನೂ ಲಾರಿ ಟೈರಿಗೇ ಮೊರೆಹೋಗುವುದನ್ನು ನೋಡಿದರೆ ನಷ್ಟ ಕಣ್ಣಿಗೆ ಕಾಣುವುದು ತಡ ಎಂಬುದೂ ಒಂದು ಕಾರಣವಿರಬೇಕು. ಅಂಥ ಟೈರ್ ಹಬ್ಬುವವರೆಗೆ ಉಳಿದಿರುವ ದಾರಿ ಇಷ್ಟೇ. ಮೊದಲ ಟ್ರೇಲರನ್ನು ಅರೆ ಹೇರಿನಲ್ಲೇ ಹೊಲದಿಂದ ಹೊರತಂದು ಬದುವಿನ ಮೇಲೆ ನಿಲ್ಲಿಸಿ ಅಲ್ಲಿ ಪೂರ್ತಿ ತುಂಬುವುದು, ಒಂದೇ ದಾರಿ ಹಿಡಿದು ಬಂದುಹೋಗುವುದು, ಸಿಕ್ಕಿಬೀಳುವ ಕಡೆ ಮೊದಲೇ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಹಾಸುವುದು. ಗಾಲಿ ಹೂತಮೇಲೆ ರವದಿ ತುರುಕಿದರೆ ಅದೂ ಮಣ್ಣಿನ ಜೊತೆ ಒಳಗೆ ಹೋಗುತ್ತದೆ. ಆಮೇಲೆ ಮುಂದಕ್ಕೊಂದು ಟ್ರ್ಯಾಕ್ಟರ್ ಕಟ್ಟಬೇಕು, ಅದೂ ಸಾಲದಿದ್ದರೆ ಜೆಸಿಬಿ ಕರೆಸಬೇಕು.

ಜೋಡಿ ಗಾಲಿ ಹಾಕಿದ ಟ್ರೇಲರಿನಲ್ಲಿ ಒಂದು ಟೈರ್ ಹೊಸದು, ಪಕ್ಕದ್ದು ಸವೆದದ್ದು ಹಾಕಬಾರದು. ಎತ್ತರವಾದದ್ದೇ ಭಾರವೆಲ್ಲ ಹೊತ್ತು ಕಾದು ಸಿಡಿಯುತ್ತದೆ. ಕಾರ್ಖಾನೆ ಮುಂದಿನ ಸಾಲಿನಲ್ಲಿ ಹೇರು ಸಮೇತ ಇಡೀ ದಿನ ನಿಲ್ಲುವ ಟೈರಿಗೆ ಗಾಳಿ ಕಡಿಮೆಯಿದ್ದರೆ ಬಗಲಿನ ನೂಲು ಮಡಚಿದಲ್ಲೇ ಮುರಿಯುತ್ತದೆ.

ಕ್ವಾರಿ ಮತ್ತು ಕಟಾವು ಯಂತ್ರ

ಮೂಡಲಗಿ ತಾಲ್ಲೂಕಿನ ಯಾದವಾಡದಲ್ಲಿ ಸುಣ್ಣಕಲ್ಲು ಗಣಿಯೂ ದಾಲ್ಮಿಯಾ ಸಿಮೆಂಟ್ ಕಾರ್ಖಾನೆಯೂ ಇವೆ. ಗಣಿಯ ವಾಹನಗಳ ಟೈರಿಗೆ ಬೇರೆಯೇ ವರ್ಗೀಕರಣ: ಕಲ್ಲು ಸಾಗಿಸುವ ವಾಹನಕ್ಕೆ ಇ-3, ಇನ್ನೂ ಒಂದೂವರೆ ಪಟ್ಟು ಆಳದ ಇ-4, ಕಲ್ಲು ತುಂಬುವ ಲೋಡರಿಗೆ ಎಲ್-5, ಅದರ ಆಳ ಸಾಧಾರಣಕ್ಕಿಂತ ಎರಡೂವರೆ ಪಟ್ಟು. ಇಲ್ಲಿ ಶತ್ರು ಮಣ್ಣಲ್ಲ, ಚೂಪುಕಲ್ಲು ಮತ್ತು ಶಾಖ. ರಬ್ಬರ್ ದಪ್ಪವಾದಷ್ಟೂ ಸೀಳುವುದು ಕಡಿಮೆ, ಒಳಗಿನ ಶಾಖ ಹೊರಬರುವುದೂ ಕಡಿಮೆ. ಅದಕ್ಕೇ ಗಣಿಯ ಟೈರುಗಳಿಗೆ ಟನ್-ಕಿಲೋಮೀಟರ್-ಗಂಟೆ ಎಂಬ ಮಿತಿ ಕೊಟ್ಟಿರುತ್ತಾರೆ: ಗಾಲಿಯ ಮೇಲಿನ ಸರಾಸರಿ ಭಾರವನ್ನು ಸರಾಸರಿ ವೇಗದಿಂದ ಗುಣಿಸಿದರೆ ಬರುವ ಅಂಕಿ ಅದನ್ನು ದಾಟಬಾರದು. ಜೆಸಿಬಿಗೆ ಸಾಮಾನ್ಯವಾಗಿ ಮುಂದೆ 9.00-16, ಹಿಂದೆ 14.00-25 ಅಥವಾ 16.9-28. ಹೊಲದಲ್ಲಿ ಕೃಷಿಹೊಂಡ, ಬದು ಕೆಲಸವೇ ಹೆಚ್ಚಾದರೆ ಅಗಲವಾದ 16.9 ಸರಿ, ಕಲ್ಲುಕ್ವಾರಿಯಾದರೆ 14.00-25.

ಕಬ್ಬು ಕಡಿಯುವ ಗ್ಯಾಂಗುಗಳು ಸಿಗುವುದು ಕಷ್ಟವಾದಂತೆ ಶಕ್ತಿಮಾನ್, ಕೇಸ್ ಐಎಚ್ ಕಂಪನಿಗಳ ಕಟಾವು ಯಂತ್ರಗಳು ಜಿಲ್ಲೆಗೆ ಬಂದಿವೆ. ದೊಡ್ಡ ಮಾದರಿಗಳು ಹತ್ತು ಟನ್ನಿಗೂ ಹೆಚ್ಚು ತೂಗುತ್ತವೆ. ಗಾಲಿಯವೂ ಇವೆ, ಹಸಿ ನೆಲಕ್ಕೆ ಉಕ್ಕಿನ ಪಟ್ಟಿಯ ಮೇಲೆ ಓಡುವವೂ ಇವೆ. ಪಟ್ಟಿಯದು ಭಾರ ಹರಡುತ್ತದೆ, ಆದರೆ ಹಳ್ಳಿಯಿಂದ ಹಳ್ಳಿಗೆ ಹೋಗಲು ಲಾರಿ ಏರಬೇಕು. ಈ ಯಂತ್ರದ ಜೊತೆ ತುಂಡು ಕಬ್ಬನ್ನು ಹಿಡಿದು ಹೊಲದಂಚಿಗೆ ತಂದು ಎತ್ತಿ ಸುರಿಯುವ ತೊಟ್ಟಿಗಾಡಿ ಓಡುತ್ತದೆ. ರಸ್ತೆಯ ಟ್ರೇಲರ್ ಹೊಲಕ್ಕಿಳಿಯುವುದೇ ಇಲ್ಲ. ಹಾಗಾದಾಗ ತೊಟ್ಟಿಗಾಡಿಗೆ ಅಗಲದ ಮೆತ್ತನೆಯ ಟೈರ್, ರಸ್ತೆಯ ಟ್ರೇಲರಿಗೆ ಗಟ್ಟಿ ಲಾರಿ ಟೈರ್, ಎರಡೂ ತಮ್ಮ ತಮ್ಮ ಕೆಲಸಕ್ಕೆ ಸರಿಹೊಂದುತ್ತವೆ. ಇದಕ್ಕೆ ಸಾಲಿನ ಅಂತರ ನಾಲ್ಕೂವರೆ ಅಡಿಗೂ ಹೆಚ್ಚಿರಬೇಕು, ಸಾಲು ಉದ್ದವಿರಬೇಕು, ಕೊನೆಯಲ್ಲಿ ತಿರುಗಲು ಜಾಗ ಬೇಕು. ಎರಡು-ಮೂರು ಎಕರೆಯ, ನಾಲ್ಕೂ ಕಡೆ ಬೇರೆಯವರ ಬೆಳೆ ನಿಂತ ಹೊಲಗಳಲ್ಲಿ ಅದು ಆಗದು. ಅಂಥಲ್ಲಿ ಗ್ಯಾಂಗಿನವರು ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸುವುದೇ ನಡೆದಿದೆ.